ತಿರುವಿನ ಗಂಟೆ

ಮರಿ ಮತ್ತೆ ಓಡಿ ಬಂತು.

ಅವಳು ಕಂಪ್ಯೂಟರಿನಲ್ಲಿ ತಿರುವಿನ ಕ್ಯಾಮೆರಾದ ಚಿತ್ರವನ್ನು ಹಿಂದಕ್ಕೆ ಎಳೆದಳು. ಪೊದೆ, ಜಲ್ಲಿಯ ದಿಬ್ಬ, ಹಳಿ, ಹಳಿಯ ಪಕ್ಕದಲ್ಲಿ ಹಳದಿ ಬಣ್ಣದ ತಗಡಿನ ಪೆಟ್ಟಿಗೆ. ಒಂದು ಪ್ರಾಣಿಯೂ ಇಲ್ಲ. ಪೆಟ್ಟಿಗೆಯ ನೆತ್ತಿಯ ಮೇಲಿನ ಕೆಂಪು ದೀಪ ಮಿನುಗಲು ಶುರುವಾಯಿತು, ಗಂಟೆ ಬಾರಿಸಿತು. ಬಾರಿಸಿದ್ದೇ ತಡ, ಪೊದೆ ಅಲುಗಿತು. ಕರಡಿಮರಿ ಮುಗ್ಗರಿಸುತ್ತ ಹೊರಗೆ ಬಂದು, ದಿಬ್ಬ ಹತ್ತಿ, ಸೀದಾ ಎರಡು ಹಳಿಗಳ ನಡುವೆ ಹೋಗಿ ನಿಂತಿತು. ಹಳಿಯಡಿಯ ಸ್ಲೀಪರು ದಿಮ್ಮಿಗಳ ಸಂದಿಗೆ ಮೂತಿ ತೂರಿಸಿ ಹುಡುಕಿತು. ತಾಯಿ ಅದರ ಹಿಂದೆಯೇ, ಅವಸರವಿಲ್ಲದೆ ಬಂದಳು. ಆಮೇಲೆ ತೆರೆಯ ಅಂಚಿನಲ್ಲಿ ಗೂಡ್ಸ್ ಗಾಡಿಯ ದೀಪ ಕಾಣಿಸಿತು. ತಾಯಿ ತಲೆ ಎತ್ತಿ ಪೊದೆಯ ಕಡೆ ಹೊರಟಳು. ಮರಿ ಹೊರಡಲಿಲ್ಲ. ತಾಯಿ ತಿರುಗಿ ಬಂದು ಅದರ ಕತ್ತನ್ನು ಕಚ್ಚಿ ಎಳೆದುಕೊಂಡು ಹೋದಳು. ಅವರಿಬ್ಬರೂ ಇದ್ದ ಜಾಗದ ಮೇಲೆ ಇಂಜಿನ್ನು ತೆವಳಿಕೊಂಡು ಹಾದುಹೋಯಿತು. ಗಾಡಿ ಆಮೆಯ ಹಾಗೆ ಬಂದದ್ದರಿಂದ ಉಳಿದವು.

ಎಷ್ಟು ಸಲ ನೋಡಿದರೂ ಅದು ಹಾಗೆಯೇ ಆಗುತ್ತಿತ್ತು. ಅವಳು ಮತ್ತೆ ಮೌಸು ಒತ್ತಿದಳು.

ಆ ತಿರುವಿನಲ್ಲಿ ಕಾಡು ಹಳಿಯ ಮೈಮೇಲೆಯೇ ಬಂದು ನಿಂತಿದೆ. ಧಾನ್ಯ ತುಂಬಿದ ಗೂಡ್ಸ್ ಗಾಡಿಗಳು ಅಲ್ಲಿ ವಾಲುವಾಗ ಡಬ್ಬಿಗಳ ಅಡಿಯಿಂದ ಕಾಳು ಸೋರುತ್ತದೆ. ಕರಡಿಗಳಿಗೆ ಅದು ಗೊತ್ತು. ತಿಂದು ಮೈಮರೆತಿದ್ದಾಗ ತಿರುವಿನ ಆಚೆಯಿಂದ ಬರುವ ಗಾಡಿ ಕಾಣುವುದಿಲ್ಲ, ಗಾಡಿಯವನಿಗೆ ಕರಡಿ ಕಾಣುವುದಿಲ್ಲ. ಹಿಂದೆ ಪ್ರತಿ ವರ್ಷವೂ ಅಲ್ಲಿಂದ ಚೀಲಗಳಲ್ಲಿ ಕರಡಿಗಳ ಹೆಣ ಹೊತ್ತು ತರಬೇಕಾಗುತ್ತಿತ್ತು. ಬೇಲಿ ಹಾಕಿ ನೋಡಿದರು, ಕರಡಿಗಳು ಕಿತ್ತವು. ಪಟಾಕಿ ಹೊಡೆದು ನೋಡಿದರು, ಎರಡೇ ವಾರದಲ್ಲಿ ಅಭ್ಯಾಸವಾಯಿತು. ಆಗ ಬಂದವರು ಮೇಡಂ. ಪ್ರಾಣಿಗಳ ಬುದ್ಧಿಯನ್ನೇ ಓದಿದವರು. ಕರಡಿಯನ್ನು ಹೆದರಿಸಬೇಡಿ, ಅದಕ್ಕೆ ಮುಂಚಿತವಾಗಿ ತಿಳಿಸಿ ಸಾಕು, ಉಳಿದದ್ದು ಅದೇ ಯೋಚಿಸುತ್ತದೆ ಎಂದರು. ದೂರದ ಹಳಿಯ ಮೇಲೆ ಗಾಡಿಯ ಗಾಲಿ ಹಾದ ಕೂಡಲೇ ತಿರುವಿನಲ್ಲಿ ಗಂಟೆ ಬಾರಿಸುವ ಪೆಟ್ಟಿಗೆ ಮಾಡಿಸಿದರು. ಗಂಟೆ, ಸ್ವಲ್ಪ ಹೊತ್ತಿಗೆ ಗಾಡಿ. ಗಂಟೆ, ಸ್ವಲ್ಪ ಹೊತ್ತಿಗೆ ಗಾಡಿ. ಈಗ ತಾಯಿಯಾಗಿರುವ ಆ ಹೆಣ್ಣು ಕರಡಿ ಅದನ್ನು ಕಲಿತದ್ದನ್ನು ಕಂಡು ಮೇಡಂ ಅತ್ತುಬಿಟ್ಟಿದ್ದರಂತೆ. ಗಂಟೆ ಕೇಳಿದರೆ ತುತ್ತು ಬಿಟ್ಟು ಎದ್ದು, ಮುದುಕಿಯ ಹಾಗೆ ಸೊಂಟ ತಿರುಗಿಸಿ, ಪೊದೆಯೊಳಗೆ ಹೋಗುತ್ತಿತ್ತು. ಪೆಟ್ಟಿಗೆ ಬಂದ ಮೇಲೆ ಒಂದೂ ಸಾವಿಲ್ಲ.

ಆಮೇಲೆ ನೋಡಲು ಜನ ಬರತೊಡಗಿದರು.

"ಪುಟ್ಟ ಮೇಡಂ, ಇನ್ನೂ ಅದನ್ನೇ ನೋಡ್ತಾ ಇದ್ದೀರಾ? ಟೀ ಆರಿ ನೀರಾಗುತ್ತೆ."

ಕಾವಲುಗಾರ ಲೋಟ ಇಟ್ಟ. ಅವನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಅವನು ಅವಳನ್ನು ಪುಟ್ಟ ಮೇಡಂ ಎನ್ನುತ್ತಿದ್ದ, ಕರಡಿಯನ್ನು ಅತ್ತೆ ಎನ್ನುತ್ತಿದ್ದ. ಹೇಳದೆ ಕೇಳದೆ ಬರುತ್ತಾಳೆ, ಇದ್ದದ್ದನ್ನೆಲ್ಲ ತಿನ್ನುತ್ತಾಳೆ, ಹೋಗುವಾಗ ಮುಖ ಸಿಂಡರಿಸುತ್ತಾಳೆ, ಇನ್ನೇನು ಅನ್ನಬೇಕು ಎಂಬುದು ಅವನ ವಾದ.

"ಇವತ್ತು ರೈಲ್ವೆಯ ದೊಡ್ಡ ಸಾಹೇಬರು ಬರೋದಲ್ವಾ? ಅತ್ತೆಯೋರು ಮರ್ಯಾದೆ ಉಳಿಸ್ತಾರೋ ಇಲ್ವೋ."

"ಅಣ್ಣಾ," ಎಂದಳು ಅವಳು. ತನ್ನ ದನಿ ತನಗೇ ಕೇಳದಷ್ಟು ಸಣ್ಣದಾಗಿತ್ತು. "ಜನ ಬರೋ ದಿನ ಬೆಳಿಗ್ಗೆ ನೀವು ಏನೇನು ಮಾಡ್ತೀರಿ? ಮೊದಲಿಂದ ಹೇಳಿ."

"ಮೊದಲು ಹಲ್ಲುಜ್ತೀನಿ."

ಅವಳು ನಗಲಿಲ್ಲ. ಅವನು ಮೀಸೆ ತಿಕ್ಕಿಕೊಂಡ.

"ಗಂಟೆ ಒತ್ತಿ ನೋಡ್ತೀನಿ. ಬಂದವರ ಮುಂದೆ ಕೈ ಕೊಟ್ರೆ ಮಾನ ಹೋಗುತ್ತೆ, ಪರೀಕ್ಷೆ ಮಾಡಿ ಇಡು ಅಂತ ದೊಡ್ಡ ಮೇಡಮ್ಮೇ ಹೇಳಿದ್ದು. ಆಮೇಲೆ ಹೋಗಿ ಹಳಿ ಮೇಲೆ ಜೋಳ ಚೆಲ್ತೀನಿ. ಆಮೇಲೆ ಅಟ್ಟಣೆ ಗುಡಿಸ್ತೀನಿ."

"ಮೊದಲು ಗಂಟೆ. ಆಮೇಲೆ ಜೋಳ."

"ಹೂಂ ಮತ್ತೆ. ಮುಂಚೆ ಜೋಳ ಚೆಲ್ಲಿ ಕಾಯ್ತಾ ಕೂರಬೇಕಿತ್ತು. ಈಗ ಆ ಕಷ್ಟ ಇಲ್ಲ." ಅವನ ಮುಖ ಅರಳಿತು. "ಗಂಟೆ ನಿಲ್ಲೋದೇ ತಡ, ನಾನು ಜೋಳ ಚೆಲ್ಲಿ ಅಟ್ಟಣೆ ಹತ್ತೋಕೂ ಬಿಡಲ್ಲ. ಅಜ್ಜಿ ಮೊಮ್ಮಗ ಪಂಕ್ತಿಗೆ ಬಂದ ಹಾಗೆ ಬಂದು ಕೂತ್ಬಿಡ್ತಾವೆ. ಆ ಮರಿಯಂತೂ..."

ಅವಳು ತೆರೆಯನ್ನು ಅವನ ಕಡೆ ತಿರುಗಿಸಿದಳು. ಅವನು ಬಗ್ಗಿ ನೋಡಿದ. ಮರಿ ಓಡಿ ಬಂತು. ಅವನು ನಕ್ಕ. ಆಮೇಲೆ ದೀಪ ಕಂಡಿತು.

"ಇದು ಜನ ಬಂದ ದಿನದ್ದಲ್ವಾ?"

"ಅಲ್ಲ. ನಿನ್ನೆದು. ಇದು ನಿಜವಾದ ಗಾಡಿ."

ಮೀಸೆ ಇನ್ನಷ್ಟು ಬಗ್ಗಿ ತೆರೆಯ ಹತ್ತಿರ ಮುಖ ತಂದ.  

ಜೋಳದ ಉಪಾಯ ಯಾರದೆಂದು ಹೇಳುವುದು ಕಷ್ಟ. ಒಮ್ಮೆ ಹಣ ಕೊಡುವವರು ಬಂದು ಇಡೀ ಬೆಳಿಗ್ಗೆ ಅಟ್ಟಣೆಯಲ್ಲಿ ಕೂತು ಒಂದು ಕರಡಿಯನ್ನೂ ನೋಡದೆ ಹೋಗಿದ್ದರು. ಮುಂದಿನ ಸಲಕ್ಕೆ ಒಂದಿಷ್ಟು ಜೋಳ ಹಾಕಿದರೆ ಹೇಗೆ ಎಂದು ಮಾತು ಬಂತು. ಹೇಗಿದ್ದರೂ ಅಲ್ಲಿ ಕಾಳು ಸೋರುತ್ತದಲ್ಲ, ಒಂದು ಹಿಡಿ ಹೆಚ್ಚಾದರೆ ಏನು ಎಂದು ಎಲ್ಲರೂ ತಲೆಯಾಡಿಸಿದರು. ಅವಳೂ ಆ ಕೋಣೆಯಲ್ಲಿದ್ದಳು, ಅವಳೂ ತಲೆಯಾಡಿಸಿದ್ದಳು. ಅಟ್ಟಣೆಯ ಮೇಲೆ ಗಂಟೆಗೆ ಒಂದು ಗುಂಡಿ ಕೂರಿಸಿದರು. ಬಂದವರು ಒತ್ತುವರು, ಗಂಟೆ ಬಾರಿಸುವುದು, ಕರಡಿ ಎದ್ದು ಹೋಗುವುದು, ಚಪ್ಪಾಳೆ. ಅದರ ಹಿಂದೆ ಗಾಡಿ ಬರುತ್ತಿರಲಿಲ್ಲ. ಈಚೆಗೆ ಅತ್ತೆ ಏಳುವುದು ತಡವಾಗುತ್ತಿದೆ ಎಂದು ಅವಳು ಒಮ್ಮೆ ಹೇಳಿದ್ದಳು. ಮೇಡಂ ನಕ್ಕಿದ್ದರು. ಕೊನೆ ತುತ್ತು ಮುಗಿಸಿ ಏಳ್ತಾಳೆ, ನಮ್ಮ ಹಾಗೇ, ಎಂದಿದ್ದರು.

ಮರಿ ಹುಟ್ಟಿದ್ದು ಅದಾದ ಮೇಲೆ. ಅದಕ್ಕೆ ಬೇರೆ ಯಾವ ಗಂಟೆಯೂ ಗೊತ್ತಿರಲಿಲ್ಲ.

*

ಮೇಡಂ ಚಿತ್ರವನ್ನು ನಿಂತುಕೊಂಡೇ ನೋಡಿದರು. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಒಂದೇ ಸಲ ಆಗಿರೋದು."

"ಮೊನ್ನೆಯೂ ಇದೆ, ಮೇಡಂ. ಅದರ ಹಿಂದಿನ ವಾರವೂ."

"ಗಾಡಿ ನಿಧಾನಕ್ಕೆ ಬಂತು, ತಪ್ಪಿಸಿಕೊಂಡ್ವು."

"ಇವತ್ತಿನಿಂದ ನಿಧಾನಕ್ಕೆ ಬರಲ್ಲ."

ಅದೇ ವಿಷಯ. ಕರಡಿಗಳು ಸಾಯುತ್ತಿದ್ದ ಕಾಲದಲ್ಲಿ ರೈಲ್ವೆಯವರು ಆ ತಿರುವಿನಲ್ಲಿ ಗಾಡಿಗಳ ವೇಗ ಇಳಿಸಿದ್ದರು. ಗಂಟೆ ಕೆಲಸ ಮಾಡುತ್ತಿದೆಯೆಂದು ವರದಿ ಹೋಯಿತು. ವರದಿಯ ನಕ್ಷೆಗಳನ್ನು ಬರೆದವಳು ಅವಳೇ. ಈಗ ಅಧಿಕಾರಿ ಬಂದು ಕಣ್ಣಾರೆ ನೋಡಿ ಹೂಂ ಎಂದರೆ ಹಳೆಯ ಮಿತಿ ಹೋಗುತ್ತದೆ, ಗಾಡಿಗಳು ಪೂರ್ತಿ ವೇಗದಲ್ಲಿ ಓಡುತ್ತವೆ. ಅದಕ್ಕೆ ಬದಲಾಗಿ ಆ ದಾರಿಯ ಉಳಿದೆಲ್ಲ ತಿರುವುಗಳಿಗೂ ಪೆಟ್ಟಿಗೆ ಬರುತ್ತದೆ.

"ಕೂತ್ಕೋಮ್ಮ," ಎಂದರು ಮೇಡಂ. ಅವಳು ಕೂರಲಿಲ್ಲ. "ಶಬ್ದ ಬದಲಾಯಿಸೋಣ. ಹೊಸ ಶಬ್ದ. ಜೋಳ ಇಲ್ಲ, ಜನ ಇಲ್ಲ, ಗುಂಡಿ ಕಿತ್ತು ಹಾಕೋಣ. ಈ ತಾಯಿ ಒಂದು ಸಲ ಕಲಿತಿದ್ದಾಳೆ, ಇನ್ನೊಂದು ಸಲ ಕಲೀತಾಳೆ. ಮರಿಗೂ ಕಲಿಸ್ತಾಳೆ."

"ಕಲಿಯೋವರೆಗೆ, ಮೇಡಂ?"

ಮೇಡಂ ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಇಟ್ಟರು.

"ಇವತ್ತು ನಾವು ಬಾಯಿ ಬಿಟ್ರೆ ಏನಾಗುತ್ತೆ ಗೊತ್ತಾ? ಪೆಟ್ಟಿಗೆ ಕಿತ್ತು ಗುಜರಿಗೆ ಹಾಕ್ತಾರೆ. ಪ್ರಾಣಿಗೆ ಬುದ್ಧಿ ಇದೆ ಅಂತ ಇನ್ನು ಯಾರು ಹೇಳಿದ್ರೂ ನಗ್ತಾರೆ. ಉಳಿದ ತಿರುವುಗಳಿಗೆ ಯಾವತ್ತೂ ಏನೂ ಬರಲ್ಲ. ಅಲ್ಲೂ ಕರಡಿಗಳಿವೆ. ಅವಕ್ಕೆ ಯಾರೂ ಅತ್ತೆ ಅಂತ ಹೆಸರಿಟ್ಟಿಲ್ಲ, ಅಷ್ಟೇ."

ಅವಳಿಗೆ ಅದು ಸುಳ್ಳೆನಿಸಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ಹಳಿ ಮೇಲಿಂದ ಚೀಲಕ್ಕೆ ತುಂಬಿಸಿದೋಳು ನಾನು," ಎಂದರು ಮೇಡಂ. "ನೀನು ಆಗ ಇನ್ನೂ ಬಂದಿರಲಿಲ್ಲ. ಇವತ್ತೊಂದು ದಿನ ಸುಮ್ಮನಿರು. ಸುಮ್ಮನಿರೋದು ನಿನಗೆ ಕಷ್ಟದ ಕೆಲಸ ಅಲ್ಲವಲ್ಲ."

ಬೈಯುವ ದನಿಯಲ್ಲಿ ಹೇಳಿದ ಮಾತಲ್ಲ ಅದು. ಅವಳಿಗೆ ಕೆಲಸ ಕೊಟ್ಟವರು, ಸಭೆಗಳಲ್ಲಿ ಅವಳ ಪರವಾಗಿ ಮಾತಾಡಿದವರು, ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಹುಡುಗಿ ಎಂದು ನಗುತ್ತ ಬೆನ್ನು ತಟ್ಟಿದವರು. ಅವಳು ಹೊರಗೆ ಬಂದಳು. 

ಶೆಡ್ಡಿನ ಮುಂದೆ ಮೀಸೆ ಜೋಳದ ಚೀಲದ ಬಾಯಿ ಬಿಚ್ಚುತ್ತಿದ್ದ.

"ಅಣ್ಣಾ, ಗಂಟೆ ಒತ್ತಿದ್ರಾ?"

"ಇನ್ನೂ ಇಲ್ಲ. ಸಾಹೇಬರು ಬರೋದು ಮಧ್ಯಾಹ್ನದ ಮೇಲೆ."

"ಒತ್ತಬೇಡಿ. ಜೋಳಾನೂ ಬೇಡ."

"ದೊಡ್ಡ ಮೇಡಂ ಬೈತಾರೆ."

"ನಾನು ಹೇಳಿದೆ ಅನ್ನಿ."

ಮೀಸೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವು ಹೇಳಿದ್ರಿ ಅಂದ್ರೆ ಯಾರಾದ್ರೂ ನಂಬ್ತಾರಾ, ಪುಟ್ಟ ಮೇಡಂ?" ಎಂದ. ಆದರೆ ಚೀಲದ ಬಾಯನ್ನು ಮತ್ತೆ ಕಟ್ಟಿದ. ಗಂಟಿನ ಮೇಲೆ ಗಂಟು ಹಾಕಿದ.

*

ಅವಳು ಇದ್ದದ್ದು ಚಿಕ್ಕಮ್ಮನ ಮನೆಯಲ್ಲಿ, ಸ್ಟೇಷನ್ನಿನ ಹಿಂದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ಗಾಡಿ ಹೋದಾಗಲೆಲ್ಲ ಗೋಡೆಯ ಮೇಲಿನ ಕನ್ನಡಿ ನಡುಗುತ್ತಿತ್ತು. ಚಿಕ್ಕಪ್ಪ ಗೂಡ್ಸ್ ಗಾಡಿಯ ಡ್ರೈವರು. ಮಧ್ಯಾಹ್ನದ ಊಟಕ್ಕೆ ಅವಳು ಹೋದಾಗ ಅವರು ಡ್ಯೂಟಿಯ ಅಂಗಿ ತೊಟ್ಟು ತಟ್ಟೆಯ ಮುಂದೆ ಕೂತಿದ್ದರು.

"ಬಾ, ವಾಚಾಳಿ," ಎಂದರು. ಅದು ಅವರು ಅವಳಿಗಿಟ್ಟ ಹೆಸರು. "ಇವತ್ತು ನಿನ್ನ ಕರಡಿ ಪರೀಕ್ಷೆ ಅಂತೆ. ಕಾಪಿ ಹೊಡೆಯೋಕೆ ಬಿಡಬೇಡ."

"ಊಟ ಮಾಡೋಕೆ ಬಿಡ್ರೀ ಅದನ್ನ," ಎಂದಳು ಚಿಕ್ಕಮ್ಮ ಒಳಗಿನಿಂದ. "ಬೆಳಿಗ್ಗೆ ಏನೂ ತಿನ್ನದೆ ಹೋಗಿದೆ."

"ಗೊತ್ತಾ, ಇವತ್ತು ಸಂಜೆ ನನ್ನ ಗಾಡೀನೇ ಮೊದಲು. ನಿಮ್ಮ ಸಾಹೇಬರು ಹೂಂ ಅಂದ ಕೂಡಲೇ ಕಂಟ್ರೋಲ್ ರೂಮಿನಿಂದ ನಮಗೆ ಹೇಳ್ತಾರೆ. ತಿರುವಲ್ಲಿ ಪೂರ್ತಿ ವೇಗ. ನನ್ನ ಅಸಿಸ್ಟೆಂಟ್ ಆಗಲೇ ಕುಣೀತಾ ಇದಾನೆ, ಅಷ್ಟು ಬೇಗ ಮನೆ ಸೇರಬಹುದು ಅಂತ. ಹೆಂಡತಿ ಮುಖ ನೋಡಿದ್ರೆ ಅವನೇ ಬ್ರೇಕ್ ಹಾಕ್ತಾನೆ, ಅದು ಬೇರೆ ವಿಷಯ."

ಚಿಕ್ಕಮ್ಮ ಸೌಟು ತೋರಿಸಿ ನಕ್ಕಳು. ಚಿಕ್ಕಪ್ಪ ಹೀಗೆ ಮಾತಾಡತೊಡಗಿದ್ದು ಈಚೆಗೆ. ಪೆಟ್ಟಿಗೆ ಬರುವುದಕ್ಕೆ ಮುಂಚೆ ಅದೇ ತಿರುವಿನಲ್ಲಿ ಅವರ ಇಂಜಿನ್ನಿಗೆ ಒಂದು ಕರಡಿ ಸಿಕ್ಕಿತ್ತು. ಆಮೇಲೆ ಬಹಳ ಕಾಲ ಅವರು ಮನೆಯಲ್ಲಿ ಇದ್ದೂ ಇಲ್ಲದಂತಿದ್ದರು. ಮಲಗಿದಲ್ಲೇ ಕಾಲು ಒದರುತ್ತಿದ್ದರು, ಬ್ರೇಕು ಒತ್ತುವವರ ಹಾಗೆ. ಗಂಟೆ ಬಂದ ಮೇಲೆ ನಿದ್ದೆ ಬಂತು.

"ಚಿಕ್ಕಪ್ಪ," ಎಂದಳು ಅವಳು, ತಟ್ಟೆ ನೋಡುತ್ತ. "ಇವತ್ತು ನೀವು ನಿಧಾನಕ್ಕೇ ಬನ್ನಿ."

"ಯಾಕೆ, ನಿಮ್ಮ ಅತ್ತೆಗೆ ಕಾಲುನೋವಾ?"

ಅವಳು ಹೇಳಿಬಿಡಬೇಕೆಂದು ತುತ್ತು ನುಂಗಿದಳು, ಮಾತೂ ಅದರ ಜೊತೆಗೇ ಇಳಿದುಹೋಯಿತು. ಹೇಳಿದರೆ ಆ ಕಾಲು ಮತ್ತೆ ಒದರುತ್ತದೆ. ಹೇಳದಿದ್ದರೆ?

"ನಿಧಾನಕ್ಕೆ ಬಾ ಅಂದ್ರೆ ಬರೋಕೆ ಅದೇನು ನಮ್ಮಪ್ಪನ ಎತ್ತಿನಗಾಡಿನಾ?" ಎಂದರು ಚಿಕ್ಕಪ್ಪ. "ಹೇಳಿದ ವೇಗಕ್ಕೆ ಓಡಿಸಬೇಕು, ಇಲ್ಲ ಅಂದ್ರೆ ಹಿಂದಿನ ಗಾಡಿಯವನು ಬೈತಾನೆ, ಮುಂದಿನ ಸ್ಟೇಷನ್ನವನು ಬರೆದು ಹಾಕ್ತಾನೆ. ಮತ್ತೆ ಒಂದು ಮಾತು ತಿಳ್ಕೋ. ಅಷ್ಟು ಭಾರ ಹೊತ್ತ ಗಾಡಿ, ಕಂಡ ಮೇಲೆ ಬ್ರೇಕ್ ಹಾಕಿದ್ರೆ ನಿಲ್ಲಲ್ಲ. ಕಂಡ ಮೇಲೆ ಮಾಡೋಕೆ ಏನೂ ಇರಲ್ಲ. ನೋಡ್ತಾ ಹೋಗೋದಷ್ಟೇ." ಲೋಟವನ್ನು ಚಿಕ್ಕಮ್ಮನ ಕಡೆ ನೀಡಿದರು. "ನೀರು ಕೊಡೇ."

ಎರಡೂ ಮಾತನ್ನು ಒಂದೇ ದನಿಯಲ್ಲಿ ಹೇಳಿದರು. ಅವಳು ತಟ್ಟೆ ಎತ್ತಿಕೊಂಡು ಎದ್ದಳು.

*

ಅಧಿಕಾರಿ ದಪ್ಪನೆಯ, ನಗುಮುಖದ ಮನುಷ್ಯ. ಅಟ್ಟಣೆಯ ಏಣಿ ಹತ್ತುವಾಗ ತಮ್ಮ ಭಾರಕ್ಕಾಗಿ ಪ್ರತಿ ಮೆಟ್ಟಿಲಿನ ಕ್ಷಮೆ ಕೇಳಿದರು. ಮೇಲೆ ಬಂದು ಕರವಸ್ತ್ರದಿಂದ ಕತ್ತು ಒರೆಸಿಕೊಂಡು ತಿರುವನ್ನು ನೋಡಿದರು. ಬಿಸಿಲಿಗೆ ಹಳಿಗಳು ಬಿಳಿಯಾಗಿದ್ದವು. ಕಾಡಿನಿಂದ ಒಂದು ಹಕ್ಕಿಯ ಕೂಗೂ ಇಲ್ಲ. ಜಲ್ಲಿಯ ಮೇಲೆ ಕಾವು ನೀರಿನ ಹಾಗೆ ಅಲುಗುತ್ತಿತ್ತು.

"ಎಲ್ರೀ ನಿಮ್ಮ ಕರಡಿ?"

ಮೇಡಂ ಹಳಿಯ ನಡುವೆ ಕಣ್ಣಾಡಿಸಿದರು. ಜೋಳ ಇರಲಿಲ್ಲ. ಮೀಸೆಯ ಕಡೆ ನೋಡಿದರು. ಮೀಸೆ ಆಕಾಶ ನೋಡುತ್ತಿದ್ದ. ಅವನ ಪಕ್ಕದಲ್ಲಿ ಅಟ್ಟಣೆಯ ಕಂಬಕ್ಕೆ ಒರಗಿ ನಿಂತಿದ್ದ ಅವಳ ಮೇಲೆ ಮೇಡಮ್ಮಿನ ನೋಟ ಬಂದು ನಿಂತಿತು. ಅವಳು ಕಣ್ಣು ತಗ್ಗಿಸಿದಳು.  ಕಂಬವನ್ನು ಹಿಡಿದುಕೊಂಡಳು.

"ಸ್ವಲ್ಪ ಕಾಯೋಣ ಸರ್," ಎಂದರು ಮೇಡಂ. "ಕಾಡುಪ್ರಾಣಿ. ನಮ್ಮ ಟೈಮಿಗೆ ಬರಲ್ಲ."

"ನಮ್ಮ ಗಾಡಿಗಳ ಹಾಗೇ ಅನ್ನಿ." ಅಧಿಕಾರಿ ತಮ್ಮ ಮಾತಿಗೆ ತಾವೇ ನಕ್ಕರು. ಸ್ವಲ್ಪ ಹೊತ್ತು ಕಾದರು. ಗಡಿಯಾರ ನೋಡಿದರು. "ನನ್ನ ಮೊಮ್ಮಗಳು ಕರಡಿ ಫೋಟೋ ತರದೆ ಇದ್ರೆ ಮನೆಗೆ ಬರಬೇಡ ಅಂದಿದ್ದಾಳೆ. ಹೋಗಲಿ, ಗಂಟೆನಾದ್ರೂ ಕೇಳಿಸಿ. ಬಂದದ್ದಕ್ಕೆ ಅದೊಂದು ಆಗಲಿ. ಇದೇ ಗುಂಡಿನಾ?"

ಅವರ ಬೆರಳು ಗುಂಡಿಯ ಮೇಲಿತ್ತು. ಮೇಡಂ ಸರ್ ಎಂದು ಕೈ ಚಾಚುವಷ್ಟರಲ್ಲಿ ಒತ್ತಿಯೇ ಬಿಟ್ಟರು.

ಗಂಟೆ ಬಾರಿಸಿತು. ಆ ಮೌನದಲ್ಲಿ ಅದು ಕಾಡಿನ ಉದ್ದಕ್ಕೂ ಹೋಗಿ ತಾಗಿ ಬಂದ ಹಾಗಿತ್ತು. ಪೊದೆ ಅಲುಗಿತು. ಮರಿ ಬಂತು, ಹಿಂಗಾಲು ಮುಂಗಾಲಿಗೆ ತೊಡರಿ ಒಮ್ಮೆ ಬಿತ್ತು, ಎದ್ದಿತು, ದಿಬ್ಬ ಹತ್ತಿತು. ಹಿಂದೆಯೇ ತಾಯಿ. ಇಬ್ಬರೂ ಹಳಿಯ ನಡುವೆ ನಿಂತು ಮೂತಿ ತಗ್ಗಿಸಿದರು.

"ಆಹಾ!" ಅಧಿಕಾರಿ ಚಪ್ಪಾಳೆ ತಟ್ಟಿದರು. "ಊಟದ ಬೆಲ್ಲಿಗೆ ಸ್ಕೂಲ್ ಮಕ್ಕಳು ಬಂದ ಹಾಗೆ ಬಂದ್ವಲ್ರೀ! ಎಷ್ಟು ಚೆನ್ನಾಗಿ ಪಳಗಿಸಿದ್ದೀರಿ!" ಫೋನು ತೆಗೆದು ಫೋಟೋ ಹಿಡಿಯತೊಡಗಿದರು. "ಪುಟಾಣಿ, ಈ ಕಡೆ ನೋಡೋ. ನೋಡೋ ರಾಜ. ಶಭಾಷ್!"

ಅವಳು ಮೇಡಮ್ಮಿನ ಮುಖ ನೋಡಿದಳು. ಚಿತ್ರದಲ್ಲಿ ನೋಡುವುದು ಬೇರೆ, ಕಣ್ಣೆದುರಿಗೆ ನೋಡುವುದು ಬೇರೆ. ಮೇಡಮ್ಮಿನ ತುಟಿಯ ಬಣ್ಣ ಹೋಗಿತ್ತು. ಆದರೂ ಅವರು ಮಾತಾಡಲಿಲ್ಲ. ಅಧಿಕಾರಿ ಫೋಟೋ ಮುಗಿಸಿ, ಅದೇ ಫೋನಿನಲ್ಲಿ ನಂಬರು ಹುಡುಕತೊಡಗಿದರು.

"ಒಳ್ಳೇ ಕೆಲಸ ಕಣ್ರೀ. ನೋಡಿದ್ದಾಯ್ತು. ಕಂಟ್ರೋಲಿಗೆ ಹೇಳ್ಬಿಡ್ತೀನಿ."

"ಸರ್, ಅವು ಓಡಿಹೋಗಬೇಕಿತ್ತು."

ಯಾರೋ ಬೇರೆ ಹೆಂಗಸು ಮಾತಾಡಿದಳೆಂದು ಅವಳಿಗೇ ಅನಿಸಿತು. ಅಧಿಕಾರಿ ತಿರುಗಿದರು.

"ಏನಮ್ಮಾ?"

"ಗಂಟೆ ಆದ್ರೆ ಅವು ಹಳಿ ಬಿಟ್ಟು ಹೋಗಬೇಕು, ಸರ್. ಹಳಿಗೆ ಬರಬಾರದು."  ಕಂಬವನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. "ನಾವು ಗಂಟೆ ಒತ್ತಿ ಜೋಳ ಹಾಕಿದ್ವಿ. ನೋಡೋಕೆ ಬರೋರಿಗೋಸ್ಕರ. ಈಗ ಗಂಟೆ ಅಂದ್ರೆ ಜೋಳ ಅಂತ ಕಲಿತಿವೆ. ಗಾಡಿ ಬರುವಾಗಲೂ ಹೀಗೇ ಬರ್ತಾವೆ. ಇಲ್ಲೇ ನಿಲ್ತಾವೆ."

ಅಧಿಕಾರಿಯ ಮುಖದಲ್ಲಿ ನಗು ಇನ್ನೂ ಇತ್ತು, ಹೋಗಲು ಮರೆತಂತೆ. ಹಳಿಯ ಮೇಲೆ ಮರಿ ಸ್ಲೀಪರಿನ ಸಂದಿಯನ್ನು ಕೆರೆಯುತ್ತಿತ್ತು. ಅವರು ಅದನ್ನು ನೋಡಿದರು, ಮೇಡಮ್ಮನ್ನು ನೋಡಿದರು.

"ಹೌದೇನ್ರೀ?"

"ಜೋಳ ಹಾಕಿದ್ದು ನಾನು, ಸಾಹೇಬ್ರೇ," ಎಂದ ಮೀಸೆ.

"ಹಾಕಿಸಿದ್ದು ನಾನು," ಎಂದರು ಮೇಡಂ. "ಹೌದು. ಅವಳು ಹೇಳಿದ್ದು ನಿಜ."

 ಅಧಿಕಾರಿಯ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಕರಡಿ ಬರಬಾರದು ಅಂತ ಗಂಟೆ ಕಟ್ಟಿ, ಅದೇ ಗಂಟೆ ಹೊಡೆದು ಕರಡಿ ಕರೆದ್ರಿ. ಬೇಲಿ ಎದ್ದು ಹೊಲ ಮೇಯೋದು ಅಂತ ಕೇಳಿದ್ದೆ. ಇವತ್ತು ನೋಡಿದೆ." ಫೋನು ಕಿವಿಗಿಟ್ಟುಕೊಂಡರು. "ಹಲೋ, ನಾನು. ಆ ತಿರುವಿನದು, ಈಗಿನ ನಿಧಾನದ ವೇಗವೇ ಇರಲಿ. ಹೂಂ. ಸದ್ಯಕ್ಕೆ." ಫೋನು ಜೇಬಿಗೆ ಹಾಕಿ ಮೇಡಮ್ಮಿನ ಕಡೆ ತಿರುಗಿದರು. "ಸದ್ಯಕ್ಕೆ ಅಂದೆ, ಕೇಳಿಸಿತಲ್ಲ? ತಿಂಗಳ ಕೊನೆಗೆ ಮೀಟಿಂಗ್ ಇದೆ. ನಿಮ್ಮ ಯಂತ್ರ ನೋಡೋಣ ಅಂತ ಇಷ್ಟು ದಿನ ಗಾಡಿ ತೆವಳಿಸಿದ್ವಿ. ಯಂತ್ರವೇ ಇಲ್ಲ ಅಂದ ಮೇಲೆ ತೆವಳೋಕೆ ನನ್ನ ಹತ್ತಿರ ಕಾರಣವೂ ಇರಲ್ಲ. ಅಲ್ಲಿ ಕೂತಿರೋರು ಕರಡಿ ನೋಡಿದವರಲ್ಲ, ಲೆಕ್ಕ ನೋಡೋರು."

ಏಣಿ ಇಳಿಯುವಾಗ ಅವರು ಮೆಟ್ಟಿಲುಗಳಿಗೆ ಕ್ಷಮೆ ಕೇಳಲಿಲ್ಲ. ಕೆಳಗೆ ಕಾರಿನ ಬಾಗಿಲು ಹಾಕಿಕೊಂಡ ಸದ್ದಾಯಿತು. ಧೂಳು ಎದ್ದು, ಎಲ್ಲಿಗೂ ಹೋಗದೆ, ಅಲ್ಲೇ ನಿಂತಿತು.

*

"ಇವತ್ತಿನ ಗಾಡಿ ಹೊರಟಿರುತ್ತೆ," ಎಂದರು ಮೇಡಂ.  ಅವಳನ್ನು ಬೈಯಲೂ ಇಲ್ಲ, ನೋಡಲೂ ಇಲ್ಲ. ಅಟ್ಟಣೆಯ ಮೂಲೆಯಲ್ಲಿ ಮಂಡಿಯೂರಿ ಕೂತು, ದೂರದ ಹಳಿಯಿಂದ ಪೆಟ್ಟಿಗೆಗೆ ಹೋಗುವ ತಂತಿಯ ಮುಚ್ಚಳ ಬಿಚ್ಚಿದರು. ತಿರುಪುಮೊಳೆ ತಿರುಗಿಸುವಾಗ ಕೈ ಜಾರಿ ಬೆರಳು ಕುಯ್ದುಕೊಂಡರು. ತಂತಿಯನ್ನು ಹೊರಗೆಳೆದು ಪಕ್ಕಕ್ಕಿಟ್ಟರು. ದೂರದ ಹಳಿಯಲ್ಲಿ ಗಾಲಿ ಹಾದರೂ ಇನ್ನು ಇಲ್ಲಿ ಏನೂ ಬಾರಿಸುವುದಿಲ್ಲ.

ಕರಡಿಗಳು ಹೋಗಿರಲಿಲ್ಲ. ಇವತ್ತು ಜೋಳ ಸಿಕ್ಕಿಲ್ಲವೆಂದು ಇನ್ನೂ ಹುಡುಕುತ್ತಿದ್ದವು. ಮೀಸೆ ಡಬ್ಬಿ ಬಡಿದ, ಹಾ ಹೋ ಎಂದು ಕೂಗಿದ. ತಾಯಿ ತಲೆಯೆತ್ತಿ ಅಟ್ಟಣೆಯ ಕಡೆ ಒಮ್ಮೆ ನೋಡಿ ಮತ್ತೆ ಮೂತಿ ತಗ್ಗಿಸಿದಳು. ಅಟ್ಟಣೆಯ ಮೇಲೆ ಜನ ಕೂಗುವುದು, ಕೈ ಬಡಿಯುವುದು ಅವಳಿಗೆ ಹೊಸದಲ್ಲ.

"ಇಳಿದು ಹೋಗಿ ಓಡಿಸಲಾ?" ಎಂದ ಮೀಸೆ.

"ಮರಿ ಇರೋ ತಾಯಿ ಹತ್ರನಾ? ನಿನ್ನ ಮೀಸೆನೂ ಸಿಗಲ್ಲ," ಎಂದರು ಮೇಡಂ.

ಬಿಸಿಲು ಇಳಿಯಿತು. ಕಾಡಿನ ನೆರಳು ದಿಬ್ಬ ಹತ್ತಿ ಮೊದಲ ಹಳಿಯನ್ನು ಮುಟ್ಟಿತು. ಆಗ, ಇವರ ಕಿವಿಗೆ ಏನೂ ಬೀಳುವ ಮುಂಚೆಯೇ, ತಾಯಿ ಹುಡುಕುವುದನ್ನು ನಿಲ್ಲಿಸಿದಳು. ಒಂದು ಪಾದವನ್ನು ಹಳಿಯ ಮೇಲಿಟ್ಟು ಹಾಗೆಯೇ ನಿಂತಳು. ಗಂಟೆ, ಪೆಟ್ಟಿಗೆ, ಜೋಳ ಇವೆಲ್ಲ ಬರುವ ಮುಂಚೆ ಅವಳಿಗೆ ಗೊತ್ತಿದ್ದದ್ದು ಹಳಿಯ ಆ ನಡುಕ ಒಂದೇ. ಸೊಂಟ ತಿರುಗಿಸಿ ದಿಬ್ಬ ಇಳಿದಳು. ಪೊದೆಯ ಬಾಯಲ್ಲಿ ನಿಂತು ಹಿಂದಕ್ಕೆ ನೋಡಿದಳು.

ಮರಿ ಅವಳ ಹಿಂದೆ ನಾಲ್ಕು ಹೆಜ್ಜೆ ಹೋಯಿತು. ಏನೋ ನೆನಪಾದಂತೆ ನಿಂತು, ತಿರುಗಿ ದಿಬ್ಬ ಹತ್ತಿ, ಪೆಟ್ಟಿಗೆಯ ಮುಂದೆ ಹೋಗಿ ಕೂತಿತು. ಹಳಿಗೂ ಅದಕ್ಕೂ ನಡುವೆ ಎರಡು ಮೊಳ.

"ಹೋಗು!" ಎಂದು ಕೂಗಿದಳು ಅವಳು. ಜನ್ಮದಲ್ಲಿ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. "ಹೋಗೋ! ಅಮ್ಮನ ಹತ್ರ ಹೋಗೋ!"

ಮರಿಯ ಒಂದು ಕಿವಿ ಇತ್ತ ತಿರುಗಿ ಮತ್ತೆ ಅತ್ತ ತಿರುಗಿತು.

ತಿರುವಿನ ಆಚೆಯಿಂದ ಇಂಜಿನ್ನು ಬಂತು, ನಿಧಾನವಾಗಿ, ಮೈ ನರಳಿಸುತ್ತ. ಕಿಟಕಿಯಲ್ಲಿ ಚಿಕ್ಕಪ್ಪನ ತಲೆ ಹೊರಗಿತ್ತು. ಅವರು ಮರಿಯನ್ನು ಕಂಡದ್ದು ಅವಳಿಗೆ ಅವರ ಹೆಗಲಿನಿಂದ ಗೊತ್ತಾಯಿತು. ಹಾರ್ನು ಉದ್ದಕ್ಕೆ ಕೂಗಿತು, ಬ್ರೇಕಿನ ಕಬ್ಬಿಣ ಕಿರುಚಿತು, ಗಾಲಿಗಳ ಅಡಿಯ ಕಿಡಿ ಜಲ್ಲಿಯ ಮೇಲೆ ಬಿತ್ತು. ಗಾಡಿ ನಿಲ್ಲಲಿಲ್ಲ. ಭಾರವೆಲ್ಲ ಹಿಂದಿನಿಂದ ನೂಕುತ್ತಿತ್ತು. ಚಿಕ್ಕಪ್ಪ ನೋಡುತ್ತ ಹೋದರು. ಇಂಜಿನ್ನು ಮರಿಯ ಬೆನ್ನಿನ ಕೂದಲನ್ನು ಗಾಳಿಗೆ ಎಬ್ಬಿಸಿ ಮುಂದೆ ಹೋಯಿತು. ಒಂದರ ಹಿಂದೆ ಒಂದು ಡಬ್ಬಿಗಳು ಹಾದವು. ಮೇಡಂ ರಕ್ತ ಸೋರುವ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅಟ್ಟಣೆಯ ಅಂಚಿಗೆ ಬಂದು ಅವಳ ಪಕ್ಕದಲ್ಲಿ ನಿಂತರು.

ಕೊನೆಯ ಡಬ್ಬಿ ದಾಟಿತು. ಸದ್ದು ಕಾಡಿನೊಳಗೆ ಹೋಗಿ ಮುಗಿಯಿತು. ಧೂಳು ಮೆಲ್ಲಗೆ ಇಳಿಯಿತು.

ಮರಿ ಅಲ್ಲೇ ಕೂತಿತ್ತು. ಗಾಡಿ ಹೋದ ಕಡೆ ಅದು ತಿರುಗಿಯೂ ನೋಡಿರಲಿಲ್ಲ. ಮುಂಗಾಲೆತ್ತಿ ಹಳದಿ ತಗಡನ್ನು ಒಮ್ಮೆ ತಟ್ಟಿತು, ಕಾದಿತು, ಮತ್ತೆ ತಟ್ಟಿತು.